ಒಂದೇ ವೃತ್ತ

ಅಕ್ಕಾ,

ನೆಗಡಿ ಬಿಟ್ಟಿದೆ. ಕೆಲಸ, ಮನೆ ಎರಡನ್ನೂ ಹೊಂದಿಸಿಕೊಳ್ಳುವುದು ಹೇಗೆಂದು ಕಲಿಸಲು ನಮ್ಮ ಕಚೇರಿಗೆ ಒಬ್ಬರು ಮೇಡಂ ಬಂದಿದ್ದರು. ಎರಡಕ್ಕೂ ಒಂದೊಂದು ವೃತ್ತ ಬರೆಯಲು ಹೇಳಿದರು. ನಾನು ಒಂದೇ ಬರೆದೆ.

"ಇನ್ನೊಂದೆಲ್ಲಿ?" ಎಂದರು.

"ನಮ್ಮನೇಲಿ ಇದ್ದದ್ದೇ ಒಂದು ಕೋಣೆ, ಮೇಡಂ."

ಹೊಲಿಗೆ ಮಿಷನ್ ತುಳಿಯುತ್ತಲೇ ನೀನು ನನಗೆ ಮಗ್ಗಿ ಹೇಳಿಸುತ್ತಿದ್ದೆ. ನಾನು ತಪ್ಪಿದ ಕೂಡಲೇ ನಿನ್ನ ಕಾಲು ನಿಲ್ಲುತ್ತಿತ್ತು. "ಸರಿಯಾಗಿ ಹೇಳೇ ಪುಟ್ಟಿ, ನನ್ನ ರವಿಕೆಗಿನ್ನೂ ಒಂದೇ ತೋಳು" ಎಂದು ಹೊಲಿಗೆಗೆ ಕೊಟ್ಟು ಕಾದು ಕೂತ ಟೀಚರಮ್ಮ ಗೊಣಗುತ್ತಿದ್ದರು. ಇಲ್ಲಿ ದಿನವಿಡೀ ಪುಸ್ತಕಗಳ ಕರಡು ತಿದ್ದುತ್ತೇನೆ. ತಪ್ಪಿದರೆ ಯಾರ ಕಾಲೂ ನಿಲ್ಲುವುದಿಲ್ಲ.

ಇನ್ನೆರಡು ವರ್ಷದ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. ಕರಡನ್ನು ನಮ್ಮನೆಯಿಂದಲೂ ತಿದ್ದಬಹುದು. ನಿನ್ನ ಮಿಷನ್ ಪಕ್ಕ ಮೂರಡಿಯ ಮೇಜು ಹಿಡಿಸುತ್ತದೆಯೇ, ಬೇಗ ಅಳೆದು ಬರಿ.

ನಿನ್ನ ಪುಟ್ಟಿ