ಹತ್ತು ದಿನದ ಕಾವಲು

ಮರೋಳ, ೬ ಜನವರಿ ೧೯೦೮, ಬೆಳಿಗ್ಗೆ ೭
ಸಿರಿಂಜು ಕುದಿಸಿದೆ. ಅದೇ ಪಾತ್ರೆಯಲ್ಲಿ ಚಹಾ. ಮುಂಬಯಿ ಪಶುವೈದ್ಯ ಕಾಲೇಜಿನ ಪ್ರೊಫೆಸರ್ ನೋಡಿದ್ದರೆ ಡಿಪ್ಲೊಮಾ ಕಿತ್ತುಕೊಳ್ಳುತ್ತಿದ್ದರು.

ದನಗಳ ದೊಡ್ಡಬೇನೆ ಊರಿಗೆ ಬಂದು ಹನ್ನೆರಡು ದಿನ. ಸೀರಮ್ ಚುಚ್ಚಲು ಹುನಗುಂದದಿಂದ ನನ್ನನ್ನು ಕಳಿಸಿದ್ದಾರೆ. ಯಾರೂ ಬರುತ್ತಿಲ್ಲ. ಏತರ ಔಷಧ ಎಂದು ಕೇಳಿದರು. ಬೇನೆ ಗೆದ್ದ ಎತ್ತಿನ ರಕ್ತದ್ದು ಎಂದು ಇದ್ದದ್ದು ಹೇಳಿಬಿಟ್ಟೆ. ಈಗ ನಾನು ಹೋದರೆ ಕಟ್ಟೆ ಖಾಲಿ. ನಿನ್ನೆಯೆಲ್ಲ ಆಡಿದ್ದು ಆರು ಮಾತು, ಅದರಲ್ಲಿ ಐದು ನನ್ನ ಕುದುರೆಯ ಜೊತೆ. ಇಳಕಲ್ಲಿನ ಮನೆ ನಾಲ್ಕೇ ಹರದಾರಿ... ರಜೆಯಿಲ್ಲ.

೮ ಜನವರಿ
ಕೊನೆಗೂ ಒಬ್ಬ — ರೈತ ಶಂಕ್ರಪ್ಪ. ಇರುವುದು ಒಂದೇ ಜೋಡಿ ಎತ್ತು. ಊರು ಬೈದರೂ ಚುಚ್ಚಿಸಿದ. ಅವನ ಹಿಂದೆ ವಿಧವೆ ಸುಂದರವ್ವ, ಎರಡು ಆಕಳೊಂದಿಗೆ. ಅವಕ್ಕೂ ಚುಚ್ಚಿದೆ. ಬೇನೆಯ ದನದಿಂದ ದೂರ ಕಟ್ಟಿ, ನೀರೂ ಬೇರೆ ಎಂದು ಇಬ್ಬರಿಗೂ ತಾಕೀತು ಮಾಡಿದೆ. ಶಂಕ್ರಪ್ಪ ಹೊಲದಲ್ಲೇ ಚಪ್ಪರ ಹಾಕಿದ. ಸುಂದರವ್ವನಿಗೆ ಇರುವುದೊಂದೇ ಕೊಟ್ಟಿಗೆ, ಅದರಲ್ಲಿ ಬೇನೆ ಬಿದ್ದ ಹೋರಿ. ತಲೆಯಾಡಿಸಿ ಹೋದಳು.

೧೫ ಜನವರಿ
ಸುಂದರವ್ವ ಎಲ್ಲವನ್ನೂ ಒಟ್ಟಿಗೇ ಕಟ್ಟಿದ್ದಾಳೆ! ಆಕಳಿಗೆ ಜ್ವರ. ಚೆನ್ನಾಗಿ ಬೈದೆ.

ಶಂಕ್ರಪ್ಪ ದಿನಾ ಸಂಜೆ ರೊಟ್ಟಿ ತರುತ್ತಾನೆ, ಕೂತು ಎತ್ತಿನ ಸುದ್ದಿ ಹೇಳುತ್ತಾನೆ. ನಾಚಿಕೆ ಬಿಟ್ಟು ಬರೆಯುತ್ತೇನೆ — ಮಧ್ಯಾಹ್ನದಿಂದಲೇ ಅವನ ದಾರಿ ಕಾಯುತ್ತೇನೆ.

೨೩ ಜನವರಿ
ಸುಂದರವ್ವನ ಆಕಳು ಎದ್ದು ಮೇಯುತ್ತಿವೆ. ಅದೃಷ್ಟ.
ಶಂಕ್ರಪ್ಪನಿಗೆ ಇನ್ನು ಭಯವಿಲ್ಲ ಎಂದೆ. ಎತ್ತುಗಳನ್ನು ಊರ ದನದ ಜೊತೆ ಹಳ್ಳಕ್ಕೆ ಬಿಟ್ಟ.

೫ ಫೆಬ್ರವರಿ
ಶಂಕ್ರಪ್ಪನ ಎತ್ತು ಎರಡೂ ಸತ್ತವು.
"ನಂದೆಲ್ಲಿ ತಪ್ಪಾತ್ರಿ, ಜಲಾಲಸಾಹೇಬ್ರ?" ಎಂದ.
ಚಪ್ಪರದ ಹತ್ತಿರ ಬೇನೆಯ ದನ ಬರಗೊಟ್ಟಿರಬೇಕು ಎಂದುಬಿಟ್ಟೆ. ತಲೆ ತಗ್ಗಿಸಿದ.
ಪ್ರೊಫೆಸರರಿಗೆ ಕಾಗದ ಹಾಕಿದೆ.

೧೪ ಫೆಬ್ರವರಿ
ಉತ್ತರ ಬಂತು. ಸೀರಮ್ಮಿನ ಕಾವಲು ಹತ್ತು ದಿನ ಮಾತ್ರ. ಅಷ್ಟರೊಳಗೆ ಬೇನೆಯ ದನದ ಜೊತೆ ಬೇಕೆಂದೇ ಕಟ್ಟಬೇಕಂತೆ. ಬೇನೆ ಸಣ್ಣಗೆ ಬಂದು ಹೋದರೆ ಬಹುಕಾಲ ರಕ್ಷೆ.

ಸುಂದರವ್ವ ಮಾಡಿದ್ದೇ ಸರಿ. ನನ್ನ ಮಾತು ಚಾಚೂ ತಪ್ಪದೆ ನಡೆಸಿದವನ ಎತ್ತು ಸತ್ತವು.

ಸಂಜೆ ಶಂಕ್ರಪ್ಪ ಬಂದ. ಹೇಳಲಿಲ್ಲ. ಹೇಳಿದರೆ ಬರುವ ಒಬ್ಬನೂ ಬರುವುದಿಲ್ಲ. ಹೇಡಿ ನಾನು.

೧೬ ಫೆಬ್ರವರಿ, ಸಂಜೆ ೫
ಇವತ್ತು ಶಂಕ್ರಪ್ಪ ಬೇಗ ಬಂದ. ನಾಳೆ ಹನ್ನೊಂದು ಮನೆಯವರು ದನ ತರುತ್ತಾರಂತೆ. ಹೇಗೆ ಒಪ್ಪಿದರು ಎಂದೆ.
"ಸಾಹೇಬ್ರ ಸೂಜಿ ಖರೆ ಐತಿ, ದೂರ ಕಟ್ಟೂದ್ರಾಗ ನಂದ ತಪ್ಪಾತು, ನೀವರ ಬರೊಬ್ಬರಿ ಕಟ್ರಿ ಅಂತ ಮನಿಮನಿಗೆ ಹೇಳೇನ್ರಿ."
ಈಗ ಹೊರಗೆ ಕೂತಿದ್ದಾನೆ. ಎರಡು ಸಲ ಎದ್ದೆ, ಎರಡು ಸಲವೂ ಬಂದು ಇಲ್ಲೇ ಕೂತೆ. ಈ ಸಾಲು ಬರೆದು ಮುಗಿದ ಕೂಡಲೇ ಹೋಗಿ ಹೇಳುತ್ತೇನೆ — ತಪ್ಪು ನಿನ್ನದಲ್ಲ ಶಂಕ್ರಪ್ಪ, ನಿನ್ನ ಎತ್ತು ಸತ್ತದ್ದು ನನ್ನ —