ಬೆಡ್‌ಶೀಟಿನ ಆಚೆ ತುದಿ

ಮಾರ್ಚ್ 3, ಸೋಮವಾರ

ಎಂದಿನಂತೆ ಲಾಂಡ್ರಿ. ಆಸ್ಪತ್ರೆಯ ಬೆಡ್‌ಶೀಟುಗಳು, ಇನ್ನೂ ಬಿಸಿ. ಮಡಚಲು ಎದುರಿಗೊಬ್ಬರು ಬೇಕು. ತಲೆ ಎತ್ತಿದರೆ ಆಚೆ ತುದಿ ಹಿಡಿದು ನಿಂತವನು — ಬಾಯ್ಲರಿನವನು. ಕೊಳವೆ ಸಿಡಿದು ನನ್ನ ತಮ್ಮ ಹಬೆಯಲ್ಲಿ ಬೆಂದುಹೋದ ದಿನ ಡ್ಯೂಟಿಯಲ್ಲಿದ್ದವನು. ಸಸ್ಪೆನ್ಷನ್ ಮುಗಿಯಿತಂತೆ. ನನ್ನ ಮೇಜಿಗೇ ಹಾಕಿದ್ದಾರೆ.

ಸೂಪರ್‌ವೈಸರ್ ಪಕ್ಕಕ್ಕೆ ಕರೆದರು. "ಬೇರೆ ಕಡೆ ಜಾಗ ಇಲ್ಲಮ್ಮ. ಬರೋ ವಾರದ ಕೊನೆವರೆಗೂ ನೋಡು. ಆಗಲ್ಲ ಅಂದ್ರೆ ಅವನನ್ನ ಮನೆಗೆ ಕಳಿಸ್ತೀನಿ. ನಿನ್ನ ಮಾತೇ ಕೊನೆ."

ಆಗಲ್ಲ ಎಂಬುದು ನಾಲಿಗೆ ತುದಿಯಲ್ಲೇ ಇತ್ತು...

ಮಾರ್ಚ್ 4

ಚರ್ಚಿಗೆ ಹೋಗಿ ಸಭಾಪಾಲಕರನ್ನು ಕಂಡೆ. ಕ್ಷಮಿಸುವ ಮನಸ್ಸು ಬರಲಿ ಎಂದು ಪ್ರಾರ್ಥಿಸಿ ಎಂದೆ.

"ಮಾಡ್ತೀನಿ. ಆದ್ರೆ ನೀನು ಕೈ ಕಟ್ಕೊಂಡು ಕೂತ್ಕೋಬೇಡಮ್ಮ. ನಂಬಿಕೆ ಬೇಲಿ ಬಳ್ಳಿ ಅಲ್ಲ, ತಾನಾಗಿ ಹಬ್ಬಿ ಕಾಯಿ ಬಿಡೋಕೆ. ತಾಳ್ಮೆ ಬರ್ಲಿ ಅಂತ ಕಾಯ್ಬೇಡ. ತಾಳ್ಮೆ ಇರೋರು ಏನು ಮಾಡ್ತಾರೋ ಅದನ್ನ ಮಾಡು. ದಿನಾ ಒಂದು."

ನಾಳೆಯದು — ಅವನಿಗೊಂದು ನಮಸ್ಕಾರ. ಅಷ್ಟೇ.

ಮಾರ್ಚ್ 5

ಬಾಯಿ ತೆರೆದೆ. ಕೆಮ್ಮು ಬಂತು. "ನೀರು ತರ್ಲಾ ಅಕ್ಕ?" ಎಂದ.

ಅಕ್ಕ! ಆ ಮಾತಿನಿಂದ ನನ್ನನ್ನು ಕರೆಯುತ್ತಿದ್ದವನು ಮಣ್ಣಲ್ಲಿದ್ದಾನೆ. ಶೀಟನ್ನು ಜಗ್ಗಿದೆ, ಅವನ ಕೈಯಿಂದ ಕಿತ್ತುಬಂತು. ಇಸ್ತ್ರಿ ಮೇಜಿನ ದೊಡ್ಡಮ್ಮ ಅಲ್ಲಿಂದಲೇ, "ಏನೇ, ಬಟ್ಟೆ ಮಡಚ್ತಿದ್ದೀಯೋ ಹಗ್ಗಜಗ್ಗಾಟ ಆಡ್ತಿದ್ದೀಯೋ?"

ಮಾರ್ಚ್ 10

ಬರೆಯುವಂಥದ್ದು ಇರಲಿಲ್ಲ. ಕೋಪವೇ ಕೋಪ.

ಇವತ್ತು ನಮಸ್ಕಾರ ಬಾಯಿಂದ ಹೊರಬಿತ್ತು. ಮರದ ತುಂಡಿನ ಹಾಗೆ. ದೊಡ್ಡಮ್ಮ ಕೇಳಿಸಿಕೊಂಡಳು. "ಒಂದು ನಮಸ್ಕಾರಕ್ಕೆ ಇಷ್ಟು ದಿನ ಉಪವಾಸ ಪ್ರಾರ್ಥನೆ ಬೇಕಾಯ್ತೇನೇ?" ನಗು ಬಂತು. ನುಂಗಿಕೊಂಡೆ.

ಅಮ್ಮನಿಗೆ ಯಾರೋ ಹೇಳಿಬಿಟ್ಟಿದ್ದಾರೆ. ತಟ್ಟೆ ಕುಕ್ಕಿದಳು. "ಅವನ ಎದುರು ನಿಂತು ದುಡೀತೀಯಾ? ಒಂದು ಮಾತು ಹೇಳಿದ್ರೆ ಪೀಡೆ ತೊಲಗುತ್ತೆ. ನಿನ್ನ ಬಾಯಿಗೇನು ಬೀಗ ಬಿದ್ದಿದ್ಯಾ?" ತಟ್ಟೆ ಎತ್ತಿಕೊಂಡು ತೊಳೆಯಲು ಹೋದೆ. ಅದು ತಾಳ್ಮೆಯೋ, ಹೆದರಿಕೆಯೋ...

ಮಾರ್ಚ್ 12

ಕೇಳಿಯೇಬಿಟ್ಟೆ. ಆ ದಿನ ಏನಾಯಿತು?

ವಾಲ್ವ್ ಕೆಟ್ಟಿತ್ತು, ಮೇಲಿನವರು ರಿಪೇರಿ ಮಾಡಿಸಲಿಲ್ಲ — ಹೀಗೇನೋ ಹೇಳುತ್ತಾನೆ ಎಂದುಕೊಂಡಿದ್ದೆ. "ನಿದ್ದೆ ಹೋದೆ ಅಕ್ಕ," ಎಂದ. ಅಷ್ಟೇ.

ಸುಳ್ಳು ಹೇಳಿದ್ದರೆ ಸುಲಭವಾಗುತ್ತಿತ್ತು.

ಇಬ್ಬರ ಕೈಯಲ್ಲೂ ಶೀಟು. ಮಡಚಬೇಕಾದರೆ ಇಬ್ಬರೂ ಹತ್ತಿರ ಬರಲೇಬೇಕು, ತುದಿಗೆ ತುದಿ ಸೇರಿಸಲೇಬೇಕು. ಅವನು ಅರ್ಧ ದಾರಿಗೆ ಬಂದು ನಿಂತ. ನಾನು ನಿಂತಲ್ಲೇ. ಕರ್ತನೇ, ಆಗುತ್ತಿಲ್ಲ ಎಂದೆ ಒಳಗೇ. ಆಮೇಲೆ ಕಾಲು ಎತ್ತಿಟ್ಟೆ. ಮನಸ್ಸು ಬರಲಿಲ್ಲ, ಕಾಲು ಮಾತ್ರ ಬಂತು. ತುದಿ ಅವನ ಕೈಗೆ ಕೊಟ್ಟೆ. ಮುಂದಿನ ಶೀಟು ಎತ್ತಿಕೊಂಡೆ.

ಮಾರ್ಚ್ 15, ಶನಿವಾರ, ಸಂಜೆ

"ಏನಮ್ಮ, ಕಳಿಸ್ಲಾ?" ಎಂದರು ಸೂಪರ್‌ವೈಸರ್.

"ಇರ್ಲಿ ಸರ್."

ಎರಡೇ ಪದ. ಎದೆ ಹಗುರವಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಪ್ರೀತಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬಸ್ಸಿನಲ್ಲಿ ಅತ್ತೆ. ಆದರೂ ವಾಪಸ್ ಹೋಗಿ ಮಾತು ಬದಲಿಸಬೇಕು ಅನ್ನಿಸಲಿಲ್ಲ.

ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಾಳೆ. "ಕಳಿಸಿದ್ರಾ ಅವನನ್ನ?" ಕೇಳಿಸದವಳಂತೆ ಬರೆಯುತ್ತಿದ್ದೇನೆ.

ಈಗ ಹೊಸ್ತಿಲಲ್ಲಿ. "ಕಿವಿ ಕೇಳಲ್ವೇನೇ? ಹೋದ್ನಾ, ಇಲ್ವಾ?"

ಸೋಮವಾರ ಹೇಳಿದರಾಯಿತು... ಇಲ್ಲ. ಈಗಲೇ. "ಅಮ್ಮ, ಅವನನ್ನ ನಾನೇ ಉಳಿಸ್ಕೊಂಡೆ" ಎಂದು ಹೇಳಲು ಏಳುತ್ತಿದ್ದೇನೆ.