ಎರಡನೆಯ ಕೊಕ್ಕೆ

ಅಪ್ಪ,

ಹೊಸ ಮನೆ ಮುಗಿಯಲು ಇನ್ನೂ ಒಂದು ತಿಂಗಳು ಬೇಕಂತೆ. ಬಾಡಿಗೆ ಕೋಣೆಯಲ್ಲಿ ಅಮ್ಮ ಕಟ್ಟಿಟ್ಟ ಪೆಟ್ಟಿಗೆಗಳ ನಡುವೆಯೇ ಅಡುಗೆ ಮಾಡುತ್ತಾಳೆ. ನಾವಿಬ್ಬರೂ ಹೋಗುತ್ತಿದ್ದ ಭಾನುವಾರದ ಸೈಕಲ್ ಸವಾರಿಯನ್ನು ನಾನು ಬಿಟ್ಟಿಲ್ಲ.

ಇವತ್ತು ಹಾಗೇ ಕಟ್ಟಡದ ಕಡೆ ಹೋದೆ. ನೀನು ತೀರಿಕೊಂಡ ಮೇಲೆ, ಗೋಡೆಗೆ ಸೈಕಲ್ ನೇತುಹಾಕುವ ಕೊಕ್ಕೆ ಒಂದೇ ಸಾಕು ಎಂದು ಮೇಸ್ತ್ರಿಗೆ ಚೀಟಿ ಬರೆದಿಟ್ಟು ಬಂದಿದ್ದೆ. ಯಾಕೆಂದು ಬಾಯಿಬಿಟ್ಟು ಹೇಳಲು ನನ್ನಿಂದ ಆಗಿರಲಿಲ್ಲ. ನೋಡಿದರೆ ಗೋಡೆಯಲ್ಲಿ ಎರಡು ಕೊಕ್ಕೆಗಳಿದ್ದವು. ಒಂದರ ಸುತ್ತ ಸಿಮೆಂಟು ಇನ್ನೂ ಹಸಿಯಾಗಿತ್ತು.

"ನಿಮ್ಮ ಅಪ್ಪನೇ ಬಂದಿದ್ರಲ್ಲಮ್ಮ, ಅರ್ಧ ಗಂಟೆ ಆಯ್ತು," ಎಂದ ಮೇಸ್ತ್ರಿ. "ಅಪ್ಪ ಮಗಳು ಮೊದಲು ಮಾತಾಡ್ಕೊಂಡು ಬನ್ನಿ. ನೀವು ಒಂದು ಅಂತೀರಿ, ಅವರು ಎರಡು ಅಂತಾರೆ, ಗೋಡೆ ಕೊರೆಯೋನು ನಾನು."

"ಏನಂದ್ರು?"

"ಎರಡನೇದು ಸ್ವಲ್ಪ ಕೆಳಗಿರಲಿ, ಮೇಲೆ ಎತ್ತಿದ್ರೆ ಎದೆ ಹಿಡಿಯುತ್ತೆ ಅಂದ್ರು. ಕಿತ್ತು ಹಾಕ್ಲಾ?"

"ಬೇಡ, ಇರಲಿ," ಎಂದೆ.

ವಾಪಸು ಬರುವಾಗ ಏರುದಾರಿಯಲ್ಲಿ ಬೆನ್ನ ಹಿಂದೆ ಇನ್ನೊಂದು ಸೈಕಲ್ಲಿನ ಚೈನು ಸದ್ದು ಮಾಡುತ್ತಿತ್ತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಆದರೆ ನಿನ್ನ ಕೊನೆಯ ಸವಾರಿಯ ದಿನದಂತೆ ಈ ಸಲ ನಾನು ನಿನ್ನನ್ನು ಏರಿನಲ್ಲಿ ಬಿಟ್ಟು ಮುಂದೆ ಹೋಗಲಿಲ್ಲ. ಇಳಿದು, ಏರು ಮುಗಿಯುವವರೆಗೂ ಸೈಕಲ್ ತಳ್ಳಿಕೊಂಡೇ ನಡೆದೆ.